ಪಿಎಚ್‌ಡಿ ಆದ್ಮೇಲೆ ಮತ್ತೇನು ಓದು? (ಮನೆ ಲೆಕ್ಕ, ಭಾಗ 6)

ಬಿಕಾಂ ಹುಡುಗಿಗೆ ಕೆಮಿಸ್ಟ್ರಿ ಯಾಕೆ ಅಂತ ಸ್ಕ್ರೋಲ್ ಮಾಡ್ಬೇಡಿ, ಇದ್ರಲ್ಲಿ ದುಡ್ಡಿನ ಲೆಕ್ಕಾನೂ ಇದೆ.

ಗುಬ್ಬಿಯ ನಮ್ಮ ದೊಡ್ಡಪ್ಪನ ಮಗಳು ಸಿಂಥೆಟಿಕ್ ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಪಿಎಚ್‌ಡಿ ಮುಗಿಸಿದ್ದಾಳೆ. ಈಗ ಪೋಸ್ಟ್‌ಡಾಕ್ ಮಾಡ್ತೀನಿ ಅಂತಿದ್ದಾಳೆ. ಕುಣಿಗಲ್ ಅತ್ತೆ ಕೇಳಿದ್ದು, "ಅದೇನೇ ಪೋಸ್ಟು? ಪೋಸ್ಟಾಫೀಸ್ ಕೆಲ್ಸಾನಾ?" ಎಲ್ರೂ ನಕ್ಕರು, ದೊಡ್ಡಪ್ಪ ನಗಲಿಲ್ಲ. ಅಡಿಕೆ ದುಡ್ಡಲ್ಲಿ ಓದಿಸಿದವರು. ಅವರದ್ದು ಒಂದೇ ಪ್ರಶ್ನೆ: ಇದು ಓದಾ, ಕೆಲ್ಸಾನಾ?

ಎರಡೂ. ಡಾಕ್ಟರೇಟ್ ಆದ್ಮೇಲೆ ಒಂದೆರಡು ವರ್ಷ ಫೆಲೋಶಿಪ್ ತಗೊಂಡು ಸಂಶೋಧನೆ ಮಾಡೋದು. ಸರ್ಕಾರಿ ಪ್ರಾಜೆಕ್ಟ್‌ನ ರಿಸರ್ಚ್ ಅಸೋಸಿಯೇಟ್‌ಗೆ 2023ರ ಜನವರಿಯಿಂದ ತಿಂಗಳಿಗೆ 58,000ದಿಂದ 67,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಪ್ರಾಜೆಕ್ಟ್ ಮುಗಿದ್ರೆ ಅದೂ ಮುಗೀತು.

ಅಕ್ಕನಿಗೆ ಬಂದಿರೋದು ಇನ್ನೊಂದು ಥರದ್ದು. ಲ್ಯಾಬ್ ಬೆಂಗಳೂರಿನ ಪ್ರೊಫೆಸರ್‌ದು, ದುಡ್ಡು ಔಷಧ ಕಂಪನಿದು. ಬೆಂಗಳೂರಲ್ಲಿ ಈ ವ್ಯವಹಾರ ದೊಡ್ಡದು ಕಣ್ರೀ. ಬಯೋಕಾನ್‌ನ ಸಿಂಜೀನ್ ಶುರುವಾಗಿದ್ದು 1993ರಲ್ಲಿ, ಶೇರು ಲಿಸ್ಟ್ ಆಗಿದ್ದು 2015ರಲ್ಲಿ. ಬೊಮ್ಮಸಂದ್ರದ ಆ್ಯಂಥೆಮ್ ಬಯೋಸೈನ್ಸಸ್ 2025ರ ಜುಲೈನಲ್ಲಿ ಲಿಸ್ಟ್ ಆಯ್ತು. ಯೆಲ್ಲೋ ಲೈನ್ ಮೆಟ್ರೋದಲ್ಲಿ ಬಯೋಕಾನ್ ಹೆಬ್ಬಗೋಡಿ ಅಂತ ಸ್ಟೇಷನ್ನೇ ಇದೆ! ಕಾಂಟ್ರಾಕ್ಟ್ ರಿಸರ್ಚ್ ಅಂದ್ರೆ ಮಾತ್ರೆ ಮಾರೋದಲ್ಲ, ವಿಜ್ಞಾನಿಗಳ ಕೆಲಸ ಮಾರೋದು. ಒಬ್ಬ ಕೆಮಿಸ್ಟ್‌ನ ಒಂದು ವರ್ಷಕ್ಕೆ ಇಷ್ಟು ಅಂತ ರೇಟು, ಅದಕ್ಕೆ ಎಫ್‌ಟಿಇ ಅಂತಾರೆ. ನಮ್ಮ ಕಾಸ್ಟಿಂಗ್ ಪೇಪರ್ ನೆನಪಾಯ್ತಾ?

ಕಂಪನಿಗೆ ಇಂಥವಳು ಯಾಕೆ ಬೇಕು? ಒಂದು ಔಷಧದ ಅಣು ಕಟ್ಟೋಕೆ ಹತ್ತು ಹಂತ ಅಂದ್ಕೊಳ್ಳಿ. ಪ್ರತಿ ಹಂತದಲ್ಲೂ 80 ಪರ್ಸೆಂಟ್ ಕೈಗೆ ಸಿಕ್ಕಿದ್ರೆ ಕೊನೆಗೆ ಉಳಿಯೋದು 11 ಪರ್ಸೆಂಟೂ ಇಲ್ಲ. ಅದೇ 90 ಮಾಡಿದ್ರೆ ಸುಮಾರು 35. ಚಕ್ರಬಡ್ಡಿ ಉಲ್ಟಾ ಓಡೋದು ಅಂದ್ರೆ ಇದೇ. ಆ ಹತ್ತು ಪರ್ಸೆಂಟ್ ಹುಡುಕೋಕೆ ಅಕ್ಕ ಐದು ವರ್ಷ ಫ್ಯೂಮ್ ಹುಡ್ ಮುಂದೆ ನಿಂತಿದ್ಲು.

ತೊಡಕು ಇರೋದು ಪ್ರಕಟಣೆಯಲ್ಲಿ. ಪೇಟೆಂಟ್ ಅರ್ಜಿ ಹಾಕೋ ಮೊದ್ಲೇ ಪೇಪರ್ ಬಂದ್ರೆ ಅದು ಹೊಸದಲ್ಲ ಅಂತ ಪೇಟೆಂಟ್ ಕೈ ತಪ್ಪಬಹುದು. ಅದಕ್ಕೇ ಕಂಪನಿ ತಡೆಯುತ್ತೆ. ಅದು ಅನ್ಯಾಯ ಅಂತ ನನಗನ್ನಿಸಲ್ಲ, ದುಡ್ಡು ಹಾಕಿದೋರು ಕೇಳೇ ಕೇಳ್ತಾರೆ. ಆದ್ರೆ ಅಕ್ಕನ ಆಸೆ ಮುಂದೆ ತುಮಕೂರಲ್ಲೇ ಯೂನಿವರ್ಸಿಟಿಯಲ್ಲಿ ಪಾಠ ಮಾಡೋದು. ಅಲ್ಲಿ ಇಂಟರ್‌ವ್ಯೂನಲ್ಲಿ ಎರಡು ವರ್ಷ ಏನ್ಮಾಡಿದ್ರಿ ಅಂದ್ರೆ, "ಹೇಳೋ ಹಾಗಿಲ್ಲ ಸರ್" ಅನ್ನೋಕಾಗುತ್ತಾ?

ಭಾನುವಾರ ಅಗ್ರಿಮೆಂಟ್ ಡ್ರಾಫ್ಟ್ ನಾನೂ ಪೆನ್ಸಿಲ್ ಹಿಡಿದು ಓದಿದೆ. ಗುಟ್ಟು ಕಾಪಾಡೋ ಷರತ್ತು ಎರಡು ಪುಟ. ಎಷ್ಟು ತಿಂಗಳಾದ್ಮೇಲೆ ಪ್ರಕಟಿಸಬಹುದು ಅನ್ನೋದು ಎಲ್ಲೂ ಇಲ್ಲ. ಪೇಟೆಂಟ್ ಕಂಪನಿದೇ ಆಗ್ಲಿ, ಸಂಶೋಧಕಿ ಅಂತ ಅವಳ ಹೆಸರು ಬರುತ್ತಾ? ಅದೂ ಇಲ್ಲ. ಎರಡನ್ನೂ ಬರೆದು ಪ್ರೊಫೆಸರ್‌ಗೆ ಮೇಲ್ ಹಾಕಿಸಿದ್ದೀನಿ. ದೊಡ್ಡಪ್ಪ ಪಕ್ಕದಲ್ಲಿ ಕೂತು, "ಪಿಎಫ್ ಕಟ್ ಮಾಡ್ತಾರಾ ಅಂತಾನೂ ಕೇಳಮ್ಮ" ಅಂದ್ರು. ಅದನ್ನೂ ಸೇರಿಸಿದ್ವಿ.

ಸೈನ್ಸ್ ಕಡೆಯೋರು ಯಾರಾದ್ರೂ ಇಂಥ ಅಗ್ರಿಮೆಂಟ್ ನೋಡಿದ್ರೆ ಡಿಎಂ ಮಾಡಿ. ಅಕ್ಕ ಶುಕ್ರವಾರದೊಳಗೆ ಉತ್ತರ ಕೊಡ್ಬೇಕು.