ಬೂದಿಯಿಲ್ಲದ ಬಚ್ಚಲು

ನಮ್ಮ ಊರು ಬೂದಿಕೋಟೆ. ಹೈದರಾಲಿ ಹುಟ್ಟಿದ ಸ್ಥಳವೆಂದು ಚರಿತ್ರೆಯ ಪುಸ್ತಕಗಳಲ್ಲಿ ಅದಕ್ಕೆ ಒಂದು ಸಾಲಿನ ಮರ್ಯಾದೆ ದೊರೆತಿದೆ. ಆದರೆ ನಾವಿಂದು ವಾಚಕರೊಡನೆ ಹೇಳಿಕೊಳ್ಳಬೇಕೆಂದಿರುವುದು ಕೋಟೆಯ ವಿಷಯವಲ್ಲ. ನಮ್ಮ ಬಚ್ಚಲಿನ ವಿಷಯ. ನಾವು ಬುದ್ಧಿ ಕಂಡಂದಿನಿಂದ ಆ ಬಚ್ಚಲಿನಲ್ಲಿ ಹಂಡೆಯಿತ್ತು, ಹಂಡೆಯ ಕೆಳಗೆ ಒಲೆಯಿತ್ತು, ಒಲೆಯಲ್ಲಿ ಪಾತ್ರೆ ಬೆಳಗುವುದಕ್ಕೆ ಬೇಕಾಗುವಷ್ಟು ಬೂದಿಯಿತ್ತು. ಬೆಂಗಳೂರಿನಲ್ಲಿರುವ ನಮ್ಮ ಮಗನು ಎರಡು ವರ್ಷದ ಕೆಳಗೆ ಬಂದು, ತಾಯಿಯ ಕಣ್ಣಿಗೆ ಹೊಗೆ ಸಾಕಾಯಿತೆಂದು ಹೇಳಿ, ಹಿತ್ತಿಲಿನಲ್ಲಿ ಹೀಟ್ ಪಂಪ್ ಎಂಬ ಯಂತ್ರವನ್ನು ನಿಲ್ಲಿಸಿ ಹೋದನು. ಇನ್ನೂರು ಲೀಟರಿನ ತೊಟ್ಟಿ, ಅದರ ಮಗ್ಗುಲಲ್ಲಿ ಬೀಸಣಿಗೆಯುಳ್ಳ ಒಂದು ಪೆಟ್ಟಿಗೆ, ಇಷ್ಟೇ.

ಹೊಗೆಯಿದ್ದಲ್ಲಿ ಬೆಂಕಿಯುಂಟೆಂಬುದು ತರ್ಕಶಾಸ್ತ್ರದ ಮೊದಲನೆಯ ಪಾಠ. ಹೊಗೆಯಿಲ್ಲದೆಯೂ ಬೆಂಕಿಯಿರಬಹುದೆಂಬುದಕ್ಕೆ ಕಾದ ಕಬ್ಬಿಣದ ಗುಂಡನ್ನು ನಮ್ಮ ಗುರುಗಳು ಉದಾಹರಿಸುತ್ತಿದ್ದರು. ಈ ಪೆಟ್ಟಿಗೆಯಲ್ಲಾದರೋ ಹೊಗೆಯೂ ಇಲ್ಲ, ಬೆಂಕಿಯೂ ಇಲ್ಲ. ಬೀಸಣಿಗೆಯ ಮುಂದೆ ಕೈಯೊಡ್ಡಿದರೆ ತಣ್ಣನೆಯ ಗಾಳಿ! ನೀರು ಮಾತ್ರ ಸುಡುತ್ತದೆ. ಆರು ವರ್ಷದ ಮೊಮ್ಮಗನು, "ತಾತಾ, ತಣ್ಣನೆ ಗಾಳಿಯಿಂದ ಬಿಸಿನೀರು ಹೇಗೆ?" ಎಂದು ಕೇಳಿದಾಗ ನಾವು ತಡವರಿಸಿದೆವೆಂದು ಒಪ್ಪಿಕೊಳ್ಳುವುದೇ ಮೇಲು.

ನಮಗೆ ದಾರಿ ತೋರಿಸಿದ್ದು ನಮ್ಮ ಸೋದರಮಾವನವರ ನೆನಪು. ಅವರು ಬಂಗಾರಪೇಟೆಯ ಆಚೆಗಿರುವ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. 2001ರ ಫೆಬ್ರವರಿಯಲ್ಲಿ ಮುಚ್ಚಿದ ಆ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಅಷ್ಟು ಕೆಳಗೆ ಬಂಡೆಯೇ ಬಿಸಿ. ಆದುದರಿಂದ ಯಂತ್ರಗಳಿಂದ ತಂಪುಗೊಳಿಸಿದ ಗಾಳಿಯನ್ನು ಒಳಗೆ ಕಳುಹಿಸುತ್ತಿದ್ದರು. "ತಂಪು ಎಂಬುದನ್ನು ಯಾರೂ ಮಾಡುವುದಿಲ್ಲ, ಬಿಸಿಯನ್ನು ಅಲ್ಲಿಂದ ಹೊತ್ತು ಇಲ್ಲಿ ಹಾಕುತ್ತಾರೆ" ಎಂದು ಮಾವನವರು ಹೇಳುತ್ತಿದ್ದರು. ನಮ್ಮ ಹಿತ್ತಿಲಿನ ಕೂಲಿಯವನೂ ಅದೇ ಜಾತಿಯವನು. ಬಹು ಬೇಗ ಆವಿಯಾಗುವ ಒಂದು ದ್ರವವು ಅಂಗಳದ ಗಾಳಿಯ ಶಾಖವನ್ನು ಹೀರಿ ಅನಿಲವಾಗುತ್ತದೆ. ಕಂಪ್ರೆಸರು ಅದನ್ನು ಅದುಮಿ ಇನ್ನೂ ಬಿಸಿಮಾಡುತ್ತದೆ. ಆ ಬಿಸಿಯನ್ನು ನೀರಿಗೆ ಇಳಿಸಿ ಅನಿಲವು ಪುನಃ ದ್ರವವಾಗುತ್ತದೆ. ಹೊರುವ ಕೆಲಸಕ್ಕೆ ಮಾತ್ರ ವಿದ್ಯುತ್ತು ಬೇಕಾದುದರಿಂದ, ಒಂದು ಯೂನಿಟ್ಟಿಗೆ ಸುಮಾರು ಮೂರು ಯೂನಿಟ್ಟಿನಷ್ಟು ಶಾಖ ದೊರೆಯುತ್ತದೆ. ಇಂತಹ ಯಂತ್ರವು ಸಾಧ್ಯವೆಂದು 1852ರಲ್ಲಿಯೇ ವಿಲಿಯಂ ಥಾಮ್ಸನ್ ಎಂಬ ಪಂಡಿತನು, ಎಂದರೆ ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡವನು, ತೋರಿಸಿದ್ದನಂತೆ.

ಇಷ್ಟು ತಿಳಿದ ಮೇಲೆ ನಮಗೆ ಯಂತ್ರದಲ್ಲಿ ವಿಶ್ವಾಸ ಹುಟ್ಟಿತು. ವಿಶ್ವಾಸದ ಹಿಂದೆಯೇ ಅಧಿಕಪ್ರಸಂಗವೂ ಬಂದಿತು.

ನಮ್ಮದು ಸಾವಿರ ಅಡಿ ಕೊರೆದರೂ ನೀರು ಬಂದೀತೆಂಬ ಭರವಸೆಯಿಲ್ಲದ ಸೀಮೆ. ಇಲ್ಲಿ ಬೆಳೆದವನಿಗೆ ನೀರು ತೊಟ್ಟಿಕ್ಕುವ ಸದ್ದು ಕಿವಿಗೆ ಬಿದ್ದರೆ ನಿದ್ದೆ ಹತ್ತುವುದಿಲ್ಲ. ಯಂತ್ರದಲ್ಲಿ ಎರಡು ಕಡೆ ನೀರು ತೊಟ್ಟಿಕ್ಕುತ್ತಿತ್ತು. ಒಂದು, ಪೆಟ್ಟಿಗೆಯ ತಳದಿಂದ. ಗಾಳಿಯಲ್ಲಿನ ತೇವವು ತಣ್ಣನೆಯ ಕೊಳವೆಗಳ ಮೇಲೆ ನೀರಾಗಿ ಇಳಿಯುವುದು, ನಿರಪಾಯವಾದದ್ದು. ಇನ್ನೊಂದು, ತೊಟ್ಟಿಯ ಮೇಲ್ಭಾಗದ ಹಿತ್ತಾಳೆಯ ಕವಾಟಕ್ಕೆ ಜೋಡಿಸಿದ್ದ ಸಣ್ಣ ಕೊಳವೆಯಿಂದ, ಇದು ಬಿಸಿನೀರು. ಸೋರುವುದೆಲ್ಲ ಕೆಟ್ಟಿರುವುದೇ ಎಂದು ವ್ಯಾಪ್ತಿಯನ್ನು ಕಲ್ಪಿಸಿಕೊಂಡು, ಒಂದು ರಾತ್ರಿ ನಾವು ಮರದ ಬೆಣೆಯೊಂದನ್ನು ಕೆತ್ತಿ ಆ ಕೊಳವೆಯ ಬಾಯಿಗೆ ಬಡಿದೆವು. ಸದ್ದು ನಿಂತಿತು. ಸುಖವಾಗಿ ಮಲಗಿದೆವು.

ಹತ್ತು ದಿನ ಏನೂ ಆಗಲಿಲ್ಲ. ಹನ್ನೊಂದನೆಯ ದಿನ ನೀರು ತುಂಬುವ ಹಬ್ಬ. ಮೊಮ್ಮಗನು ತೊಟ್ಟಿಯ ಪಕ್ಕದ ಕಟ್ಟೆಯ ಮೇಲೆ ಕುಳಿತು ಹಂಡೆಗೆ ಸುಣ್ಣದ ಪಟ್ಟೆ ಬಳಿಯುತ್ತಿದ್ದನು. ಅಜ್ಜಿಯು ಚೆಂಡುಹೂವಿನ ಹಾರ ಹಿಡಿಯಲು ಕರೆದಳೆಂದು ಎದ್ದು ಓಡಿದನು. ಅವನು ಹೊಸ್ತಿಲು ದಾಟಿದ್ದನೋ ಇಲ್ಲವೋ, ಕೊಳವೆಯ ಬೆಸುಗೆಯೊಂದು ಬಿಟ್ಟು, ಅವನು ಕುಳಿತಿದ್ದ ಜಾಗಕ್ಕೆ ಅರುವತ್ತು ಡಿಗ್ರಿಯ ನೀರು ಬುಸುಗುಟ್ಟುತ್ತ ಚಿಮ್ಮಿತು. ಗೋಡೆಯಿಂದ ಹಬೆಯೆದ್ದಿತು. ಅಷ್ಟು ಬಿಸಿಯ ನೀರು ಎಳೆಯ ಚರ್ಮವನ್ನು ಸುಡಲು ಕೆಲವು ಕ್ಷಣ ಸಾಕು. ನಮ್ಮ ಕೈಕಾಲು ಆಡಲಿಲ್ಲ. ಮೇನ್ ಸ್ವಿಚ್ಚು ತೆಗೆದವರು ನಮ್ಮ ಮನೆಯವರು.

ಬಂಗಾರಪೇಟೆಯಿಂದ ಬಂದ ಮೆಕ್ಯಾನಿಕ್ಕು ನಮ್ಮ ಹಳೆಯ ವಿದ್ಯಾರ್ಥಿ. ರಾಮಶಬ್ದವನ್ನು ದ್ವಿತೀಯಾ ವಿಭಕ್ತಿಯಿಂದಾಚೆಗೆ ದಾಟಿಸಲಾರದೆ ನಾವು ಸೋತಿದ್ದ ಹುಡುಗ. ಬೆಣೆಯನ್ನು ಕಿತ್ತು ಅಂಗೈಯಲ್ಲಿಟ್ಟುಕೊಂಡು, "ಮೇಷ್ಟ್ರೇ, ಕುಕ್ಕರಿನ ವಿಸಿಲ್ಲು ಕೂಗುತ್ತೆ ಅಂತ ಅದಕ್ಕೆ ಬಟ್ಟೆ ತುರುಕ್ತೀರಾ?" ಎಂದು ಮೆಲ್ಲನೆ ಕೇಳಿದನು. ಇನ್ನೂರು ಲೀಟರು ನೀರು ಇಪ್ಪತ್ತು ಡಿಗ್ರಿಯಿಂದ ಅರುವತ್ತಕ್ಕೆ ಏರಿದರೆ ಸುಮಾರು ಮೂರು ಲೀಟರಿನಷ್ಟು ಹಿಗ್ಗುತ್ತದೆ. ಹಿಂದಕ್ಕೆ ಹೋಗದಂತೆ ಒಳದಾರಿಯಲ್ಲಿ ಕವಾಟವಿರುವುದರಿಂದ ಹಿಗ್ಗಿದ ನೀರಿಗೆ ಉಳಿದ ಬಾಗಿಲು ಅದೊಂದೇ. ಅದನ್ನೇ ನಾವು ಮುಚ್ಚಿದ್ದೆವು. ಹಾಗೆಂದು ಬಿಡದೆ ಧಾರೆಯಾಗಿ ಸುರಿಯತೊಡಗಿದರೆ ಅದು ಬೇರೆ ಮಾತು. ಆಗ ಸ್ವಿಚ್ಚು ತೆಗೆದು ಅವನಿಗೆ ಹೇಳಿಕಳುಹಿಸಬೇಕು.

ಆ ದಿನ ಅವನು ಗುರು, ನಾವು ಶಿಷ್ಯರು. ಯಂತ್ರದ ಮೇಲೆ ದೂಳು ಕೂರದಿರಲೆಂದು ನಾವು ಹೊದಿಸಿದ್ದ ಟಾರ್ಪಾಲನ್ನು ಅವನು ಮೊದಲು ಎಳೆದುಹಾಕಿದನು. ಗಾಳಿಯಾಡದಿದ್ದರೆ ಶಾಖವನ್ನು ಎಲ್ಲಿಂದ ತರಬೇಕು? ಅದರೊಳಗಿರುವುದು ಆರ್-290, ಎಂದರೆ ಪ್ರೊಪೇನು, ಅಡಿಗೆಯ ಗ್ಯಾಸಿನ ದಾಯಾದಿ. ಆದುದರಿಂದ ಹಬ್ಬದ ಒಲೆಯನ್ನು ಅದರ ಬಳಿ ಹಚ್ಚಕೂಡದು, ಆ ಕೊಳವೆಗಳನ್ನು ಬಲ್ಲವರಲ್ಲದೆ ಬಿಚ್ಚಕೂಡದು. ಕರೆಂಟು ಹೋಗಿ ಬಂದೊಡನೆ ಯಂತ್ರವನ್ನು ಅವಸರಪಡಿಸದೆ ಮೂರು ನಾಲ್ಕು ನಿಮಿಷ ಬಿಡಬೇಕು. ನಮ್ಮ ಗಡುಸು ನೀರಿಗೆ ತೊಟ್ಟಿ ತುಕ್ಕು ಹಿಡಿಯದಿರಲೆಂದು ಒಳಗೆ ಮೆಗ್ನೀಸಿಯಮ್ಮಿನ ಕಡ್ಡಿಯೊಂದನ್ನು ಇಟ್ಟಿರುತ್ತಾರೆ. ಅದು ತಾನು ಸವೆದು ತೊಟ್ಟಿಯನ್ನು ಉಳಿಸುತ್ತದೆ. ವರ್ಷಕ್ಕೊಮ್ಮೆ ತೆಗೆದು ನೋಡಿಸಬೇಕು. ನಮ್ಮದು ಆಗಲೇ ಬತ್ತಿಯಷ್ಟಾಗಿತ್ತು.

ಬಳಿಕ ಅವನು ಅರ್ತ್ ಗುಂಡಿಯ ಮುಚ್ಚಳವನ್ನು ಎತ್ತಿದನು. ಮಣ್ಣು ಒಣಗಿ ಬಿರುಕುಬಿಟ್ಟಿತ್ತು. ನೀರೂ ವಿದ್ಯುತ್ತೂ ಒಂದೇ ಪೆಟ್ಟಿಗೆಯಲ್ಲಿರುವ ಮನೆಯಲ್ಲಿ ಇದೇ ದೊಡ್ಡ ಭಯವೆಂದು ಹೇಳಿ, ಗುಂಡಿಗೆ ಎರಡು ಕೊಡ ನೀರು ಹುಯ್ಯಿಸಿ ಅಳೆದು ನೋಡಿದನು. ಗೋಡೆಯ ಮೇಲೆ ಮೂವತ್ತು ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚನ್ನು ಹಾಕಿ, ಅದರ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಬೇಕೆಂದು ವಿಧಿಸಿದನು. ಅಮಾವಾಸ್ಯೆಯ ದಿನ ಒತ್ತುವುದೆಂದು ನಾವು ನಿಶ್ಚಯಿಸಿಕೊಂಡಿದ್ದೇವೆ; ಮರೆಯುವುದಿಲ್ಲ.

ಆ ಸಣ್ಣ ಕೊಳವೆಯ ಕೆಳಗೆ ಈಗ ಒಂದು ಬಕೆಟ್ಟಿದೆ, ಕೊಳವೆಯ ತುದಿ ನೀರಿನಲ್ಲಿ ಮುಳುಗದಷ್ಟು ತಗ್ಗಿನಲ್ಲಿ. ಬೆಳಿಗ್ಗೆಗೆ ಮೂರು ಲೀಟರಿಗೆ ಒಂದು ಲೋಟ ಕಡಿಮೆ ಸೇರಿರುತ್ತದೆ. ಅದು ಆರಿದ ಮೇಲೆ ನಮ್ಮ ಮನೆಯವರು ಅರ್ತ್ ಗುಂಡಿಗೆ ಹುಯ್ಯುತ್ತಾರೆ.