ಎರೆಹೊಲದಿಂದ ಕಡಲತಳಕ್ಕೆ

ಪರದೇಶದಲ್ಲಿ ಮನೆಮಾಡಿದವರು ಊರಿಗೆ ಬಂದಾಗ, ಕಟ್ಟೆಯ ಮೇಲೆ ಕುಳಿತ ಹಿರಿಯರು ಎರಡೇ ಪ್ರಶ್ನೆಗಳನ್ನು ಕೇಳುತ್ತಾರೆ. ಅಲ್ಲಿ ಏನು ಉಣ್ಣುತ್ತೀರಿ ಎಂಬದು ಮೊದಲನೆಯದು. ತಿರುಗಿ ಯಾವಾಗ ಬರುತ್ತೀರಿ ಎಂಬದು ಎರಡನೆಯದು. ಮೊದಲನೆಯದಕ್ಕೆ ನಾವು ವಿಸ್ತಾರವಾಗಿ ಉತ್ತರ ಕೊಡುತ್ತ ಬಂದಿದ್ದೇವೆ. ಎರಡನೆಯದಕ್ಕೆ ನಕ್ಕು ಸುಮ್ಮನಾಗುತ್ತ ಬಂದಿದ್ದೇವೆ. ಈ ಲೇಖದಲ್ಲಿ ಎರಡಕ್ಕೂ ನಮ್ಮಿಂದಾದ ಉತ್ತರವನ್ನು ವಾಚಕರ ಮುಂದಿಡಬೇಕೆಂದು ಮಾಡಿದ್ದೇವೆ.

ನಮ್ಮದು ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಸೀಮೆಯಲ್ಲಿರುವ ಒಂದು ಹಳ್ಳಿ. ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ರೈಲುಗಾಡಿಯಲ್ಲಿ ಕುಳಿತವರು ಈ ಸೀಮೆಯನ್ನು ಕಂಡೇ ಇರುತ್ತಾರೆ. ಎರಡೂ ಕಡೆಗೆ ಕಣ್ಣು ಹರಿಯುವಷ್ಟು ದೂರ ಕರಿಯ ಎರೆಯ ಬಯಲು. ಗುಡ್ಡವಿಲ್ಲ, ಗಿಡಮರ ವಿರಳ. ಮುಂಗಾರಿಗೆ ಹೆಸರು, ಹತ್ತಿ, ಉಳ್ಳಾಗಡ್ಡಿ, ಮೆಣಸಿನಕಾಯಿ. ಹಿಂಗಾರಿಗೆ ಜೋಳ, ಕಡಲೆ, ಗೋದಿ, ಕುಸುಬಿ. ಬೇಸಗೆಯಲ್ಲಿ ಈ ನೆಲವು ಬಾಯಿಬಿಟ್ಟು ಬಿರಿಯುತ್ತದೆ; ಮಳೆ ಹಿಡಿಯಿತೆಂದರೆ ಕಾಲು ಕೀಳಗೊಡುವದಿಲ್ಲ. ಬಹಳ ಊರುಗಳಲ್ಲಿ ಭಾವಿಯ ನೀರು ಸವುಳು. ಕುಡಿಯುವದಕ್ಕೆ ಕೆರೆಯೇ ಗತಿಯಾಗಿತ್ತು. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟಾದ ಮೇಲೆ ಕಾಲಿವೆಗಳು ಬಂದವು. ಆದರೆ 1980 ರ ಜುಲೈ ತಿಂಗಳಲ್ಲಿ ಅಭಿವೃದ್ಧಿ ಕರದ ವಿರುದ್ಧ ನವಲಗುಂದದ ರೈತರು ಎದ್ದು ನಿಂತದ್ದೂ, 2015 ರಿಂದ ಮಹಾದಾಯಿಯ ನೀರಿಗಾಗಿ ವರ್ಷಗಟ್ಟಲೆ ಧರಣಿ ಹೂಡಿದ್ದೂ ಎಲ್ಲರಿಗೂ ಗೊತ್ತಿದ್ದ ಸಂಗತಿಗಳೇ. ನಮ್ಮಲ್ಲಿ ನೀರೆಂಬದು ಬೇಡಿ, ಕಾದು, ಕಡೆಗೆ ಕಾದಾಡಿ ಪಡೆಯತಕ್ಕ ವಸ್ತು.

ಅಂಥ ಸೀಮೆಯಿಂದ ನಾವು 2016 ರಲ್ಲಿ ಉದ್ಯೋಗದ ನಿಮಿತ್ತ, ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು, ನೀರನ್ನು ಹೊರಗೆ ಚೆಲ್ಲುವದೇ ನಿತ್ಯಕರ್ಮವಾಗಿರುವ ನೆದರ್ಲಂಡ್ಸ್ ದೇಶಕ್ಕೆ ಹೋಗಿ ಇಳಿದೆವು. ಇಳಿದ ವಿಮಾನ ನಿಲ್ದಾಣವೇ 1852 ರಲ್ಲಿ ಬತ್ತಿಸಿದ ಒಂದು ಸರೋವರದ ತಳದಲ್ಲಿರುವದೆಂದು ತರುವಾಯ ತಿಳಿಯಿತು. ನಮಗೆ ಮನೆ ದೊರೆತದ್ದು ಆಮ್‌ಸ್ಟರ್‌ಡಾಮಿನ ಪೂರ್ವಕ್ಕಿರುವ ಆಲ್ಮೇರೆ ಎಂಬ ಪಟ್ಟಣದಲ್ಲಿ. ನೂರು ವರ್ಷಗಳ ಹಿಂದೆ ಅಲ್ಲಿ ಮೀನುಗಾರರ ದೋಣಿಗಳು ತೇಲುತ್ತಿದ್ದವು. 1932 ರಲ್ಲಿ 32 ಕಿಲೋಮೀಟರು ಉದ್ದದ ಒಡ್ಡನ್ನು ಕಟ್ಟಿ ಆ ಕಡಲ ಕೊಲ್ಲಿಯ ಬಾಯಿಯನ್ನು ಮುಚ್ಚಿದರು. ಆಮೇಲೆ ಒಳಗೊಳಗೆ ಒಡ್ಡುಗಳನ್ನು ಹಾಕಿ, ಯಂತ್ರಗಳಿಂದ ನೀರೆತ್ತಿ, ಒಂದೊಂದೇ ಭಾಗವನ್ನು ಒಣಗಿಸಿದರು. ನಮ್ಮ ಭಾಗವು ನೀರಿನಿಂದ ಹೊರಬಿದ್ದದ್ದು 1968 ರಲ್ಲಿ. ಮೊದಲನೆಯ ಒಕ್ಕಲುಗಳು ಮನೆ ಹೊಕ್ಕದ್ದು 1976 ರಲ್ಲಿ. ಕೆಸರು ಆರಲೆಂದು ವಿಮಾನದಿಂದ ಜೊಂಡಿನ ಬೀಜವನ್ನು ಬಿತ್ತಿದರಂತೆ! ಈಗ ಅಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಜನರಿದ್ದಾರೆ. ಪಟ್ಟಣ ದಾಟಿದರೆ ನಮ್ಮ ಎರೆಯಂತೆಯೇ ಸಪಾಟಾದ ಜಿಗುಟು ಮಣ್ಣಿನ ಹೊಲಗಳು. ಅವುಗಳಲ್ಲಿ ಬಟಾಟೆ, ಸಕ್ಕರೆಗಡ್ಡೆ, ಮತ್ತು ನಮ್ಮ ಪರಿಚಯದ ಉಳ್ಳಾಗಡ್ಡಿ.

ಅಲ್ಲಿಯ ಮನೆಗಳು ಸಾಲುಮನೆಗಳು. ಒಂದು ಗೋಡೆ ಇಬ್ಬರದು. ಮನೆಯ ಹಿಂದೆ ಅಂಗೈ ಅಗಲ ತೋಟ, ಅದರ ಹಿಂದೆ ನೀರ ಕಾಲಿವೆ. ಬೆಳಿಗ್ಗೆ ಎಂಟಕ್ಕೆ ಓಣಿಯೆಲ್ಲ ಸೈಕಲ್ಲುಗಳಿಂದ ತುಂಬುತ್ತದೆ. ಆ ದೇಶದಲ್ಲಿ ಜನರಿಗಿಂತ ಸೈಕಲ್ಲುಗಳೇ ಹೆಚ್ಚು. ಮಳೆಯೆಂದು ಯಾರೂ ನಿಲ್ಲುವದಿಲ್ಲ. ಮಧ್ಯಾಹ್ನದ ಊಟವೆಂದರೆ ರೊಟ್ಟಿಯ ತುಣುಕು, ಗಿಣ್ಣ. ಬಿಸಿಯೂಟ ಸಂಜೆ ಆರಕ್ಕೆ ಒಂದೇ ಸಲ. ಜೂನಿನಲ್ಲಿ ರಾತ್ರಿ ಹತ್ತಕ್ಕೆ ಹೊತ್ತು ಮುಳುಗುವದು. ಡಿಸೆಂಬರದಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲೆ. ಮೊದಲನೆಯ ಚಳಿಗಾಲದಲ್ಲಿ ನಾವು ಕತ್ತಲೆಯಲ್ಲಿ ಮನೆ ಬಿಟ್ಟು ಕತ್ತಲೆಯಲ್ಲಿಯೇ ತಿರುಗಿ ಬಂದೆವು. ಆಗ ಊರಿನ ನೆನಪು ಆಗುತ್ತಿದ್ದದ್ದು ಹಬ್ಬಹುಣ್ಣಿಮೆಗಳಿಂದಲ್ಲ, ಬಿಸಿಲಿನಿಂದ.

ಇನ್ನು ಉಣ್ಣುವ ಮಾತು. ಜೋಳದ ಹಿಟ್ಟು ಅಂಗಡಿಯಲ್ಲಿ ಸಿಗುತ್ತದೆ. ಆದರೆ ಹಳೆಯದಾದ್ದರಿಂದ ಜಿಗಿ ಇರುವದಿಲ್ಲ. ತಣ್ಣೀರಿನಲ್ಲಿ ನಾದಿದರೆ ರೊಟ್ಟಿ ಅಂಚು ಸೀಳುತ್ತದೆ. ಕುದಿಯುವ ಎಸರನ್ನು ಹಿಟ್ಟಿನಲ್ಲಿ ಹೊಯ್ದು, ಆರುವ ಮೊದಲೇ ನಾದಿದರೆ ಬೇಕಾದಂತೆ ಬಡಿಯಬಹುದು. ಇದನ್ನು ಕಲಿಯುವದಕ್ಕೆ ನಮಗೆ ಮೂರು ತಿಂಗಳು ಹಿಡಿಯಿತು. ಮೊದಲ ಸಲ ಹೆಂಚು ಕಾದು ಹಿಟ್ಟಿನ ಹೊಗೆ ಎದ್ದಾಗ ಛತ್ತಿನ ಬೆಂಕಿಗಂಟೆ ಕೂಗಿಕೊಂಡಿತು. ಇನ್ನೊಂದು ದಿನ ಪಕ್ಕದ ಮನೆಯ ಮುದುಕಿ ಬಂದು, ದಿನಾ ಸಂಜೆ ಗೋಡೆಯಾಚೆ ಏನು ಬಡಿಯುತ್ತೀರಿ, ಏನಾದರೂ ರಿಪೇರಿ ನಡೆದಿದೆಯೇ ಎಂದು ವಿನಯದಿಂದ ಕೇಳಿದಳು. ನಾವು ಆಕೆಯನ್ನು ಒಳಗೆ ಕರೆದು, ನವಲಗುಂದದ ಜಮಖಾನೆಯ ಮೇಲೆ ಕೂಡ್ರಿಸಿ, ಬಿಸಿ ರೊಟ್ಟಿ ಎಣಗಾಯಿ ಕೊಟ್ಟೆವು. ಆಕೆ ರೊಟ್ಟಿಗಿಂತ ಜಮಖಾನೆಯನ್ನೇ ಹೆಚ್ಚು ಮೆಚ್ಚಿಕೊಂಡು, ಅದರ ನವಿಲುಗಳನ್ನು ಕೈಯಿಂದ ಸವರಿ ಸವರಿ ನೋಡಿದಳು. ಅಂದಿನಿಂದ ಬಡಿಯುವ ಸಪ್ಪಳ ಕೇಳದಿದ್ದ ದಿನ, ಆರೋಗ್ಯವೇ ಎಂದು ವಿಚಾರಿಸಹತ್ತಿದಳು.

2018 ರಲ್ಲಿ ನಮಗೆ ಮಗ ಹುಟ್ಟಿದ. ಅಲ್ಲಿ ಹೆರಿಗೆಯಾದ ಮೇಲೆ ಎಂಟು ಹತ್ತು ದಿನ ತರಬೇತಿ ಪಡೆದ ಹೆಣ್ಣುಮಗಳೊಬ್ಬಳು ಮನೆಗೇ ಬಂದು ಬಾಣಂತಿಯನ್ನೂ ಕೂಸನ್ನೂ ನೋಡಿಕೊಳ್ಳುವ ಪದ್ಧತಿಯುಂಟು. ವೆಚ್ಚದ ಬಹುಭಾಗವನ್ನು ವಿಮೆ ಭರಿಸುತ್ತದೆ. ತವರು ದೂರವಾದವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ನೋಡಬಂದವರಿಗೆ ಸಕ್ಕರೆ ಸುತ್ತಿದ ಸೋಂಪಿನ ಕಾಳನ್ನು ಗರಿಗರಿ ರಸ್ಕಿನ ಮೇಲೆ ಹಾಕಿ ಕೊಡುವದು ಅವರ ಸಂಪ್ರದಾಯ. ಸೋಂಪು ಎದೆಹಾಲಿಗೆ ಒಳ್ಳೆಯದೆಂದು ಅವರೂ ನಂಬಿದ್ದರಂತೆ! ಊರಿನಿಂದ ಬಿಡಿಬಿಡಿಯಾಗಿ ಬಂದ ಕಲಘಟಗಿಯ ತೊಟ್ಟಿಲನ್ನು ಜೋಡಿಸಿದಾಗ, ಅರಗಿನ ಬಣ್ಣದಲ್ಲಿ ಬರೆದ ಬಾಲಕೃಷ್ಣನ ಚಿತ್ರಗಳನ್ನು ನೋಡಲಿಕ್ಕೆ ಓಣಿಯ ಮಕ್ಕಳೆಲ್ಲ ಕೂಡಿದರು.

ಹೀಗೆ ಸಂಸಾರವು ನೆಲೆಗೆ ಹತ್ತಿತೆಂದು ನಾವು ನೆಮ್ಮದಿಯಿಂದಿದ್ದೆವು. ಒಂದು ದಿನ ಊರಿನಿಂದ ತಂದೆಯವರು ಫೋನಿನಲ್ಲಿ ಮೊಮ್ಮಗಳನ್ನು ಮಾತಾಡಿಸಿ, ಉಂಡಿಯೇನವ್ವಾ ಎಂದು ಕೇಳಿದರು. ಆಕೆ ನಮ್ಮ ಕಡೆಗೆ ತಿರುಗಿ, ಅಜ್ಜ ಏನೆನ್ನುತ್ತಾನೆಂದು ಡಚ್ಚಿನಲ್ಲಿ ಕೇಳಿದಳು. ಆ ಕಡೆಯ ಮೌನವನ್ನು ನಾವು ಈ ವರೆಗೂ ಮರೆತಿಲ್ಲ. ಎರಡೇ ವರ್ಷಗಳಲ್ಲಿ ಇಷ್ಟು ದೂರ ಬಂದಿದ್ದೆವು. ತಪ್ಪು ಕೂಸಿನದಲ್ಲ, ಕೆಲಸದ ದಣಿವಿನಲ್ಲಿ ಸುಲಭದ ಮಾತನ್ನೇ ಆಡಿದ ನಮ್ಮದು.

ನಾವು ಕಾಳುಕಡಿ ತರುವ ಅಂಗಡಿಯು ಸುರಿನಾಮ್ ದೇಶದಿಂದ ಬಂದ ಒಬ್ಬ ಹೆಣ್ಣುಮಗಳದು. 1873 ರಿಂದ 1916 ರ ವರೆಗೆ ಬಿಹಾರ, ಸಂಯುಕ್ತ ಪ್ರಾಂತಗಳಿಂದ ಸುಮಾರು 34,000 ಜನರನ್ನು ಕೂಲಿಯ ಕರಾರಿನ ಮೇಲೆ ಆ ಡಚ್ ವಸಾಹತಿಗೆ ಹಡಗಿನಲ್ಲಿ ಒಯ್ದಿದ್ದರು. 1975 ರಲ್ಲಿ ಸುರಿನಾಮ್ ಸ್ವತಂತ್ರವಾಗುವ ಕಾಲಕ್ಕೆ ಅವರ ವಂಶಜರು ಬಹಳ ಮಂದಿ ನೆದರ್ಲಂಡ್ಸಿಗೆ ಬಂದರು. ಅವರ ಹಿಂದುಸ್ತಾನೀ ನುಡಿಯಾದ ಸರ್ನಾಮಿ ಇಂದಿಗೂ ಉಳಿದಿದೆ. ಅದು ಹೇಗೆ ಉಳಿಯಿತೆಂದು ಕೇಳಿದ್ದಕ್ಕೆ ಆಕೆ, ನಮ್ಮಜ್ಜಿ ಒಲೆಯ ಮುಂದೆ ಬೇರೆ ಮಾತು ಆಡಗೊಡುತ್ತಿರಲಿಲ್ಲ ಎಂದಳು. ನಾವೂ ಅದನ್ನೇ ಹಿಡಿದೆವು. ರೊಟ್ಟಿ ಬಡಿಯುವಾಗ ಕನ್ನಡವೊಂದೇ. ಉಂಡು ಏಳುವ ವರೆಗೆ ಇದೇ ಕಟ್ಟಳೆ. ಮೊದಲಿಗೆ ಮಗಳು ಮುನಿದಳು. ಹಸಿವು ಆಕೆಯನ್ನು ಮಾತಾಡಿಸಿತು.

2019 ರ ಮೇ ತಿಂಗಳಲ್ಲಿ ತಂದೆಯವರು ತೊಂಬತ್ತು ದಿನಗಳ ಪರವಾನಗಿಯ ಮೇಲೆ ಬಂದರು. ಅವರಿಗೆ ಪಟ್ಟಣದ ಚಂದ ಬೇಡವಾಗಿತ್ತು. ಒಡ್ಡಿನ ಮೇಲೆ ನಡೆಯುವದು ಬೇಕಾಗಿತ್ತು. ಒಂದು ಕಡೆಗೆ ಸರೋವರ, ಇನ್ನೊಂದು ಕಡೆಗೆ ಅದಕ್ಕಿಂತ ಮೂರು ನಾಲ್ಕು ಮೀಟರು ತಗ್ಗಿನಲ್ಲಿ ಹೊಲಮನೆಗಳು. ಹೊಲ ಉಳುವಾಗ ಮುಳುಗಿದ ಹಡಗುಗಳು ಸಿಕ್ಕಿವೆಯೆಂದು ಹೇಳಿದಾಗ, ನಮ್ಮಲ್ಲಿ ಕರಿಕೆಯ ಬೇರಿನ ಹೊರತು ಏನೂ ಸಿಕ್ಕಿಲ್ಲವೆಂದು ನಕ್ಕರು. ನೀರಿನ ಕರದ ಚೀಟಿ ಬಂದ ದಿನ ಎಷ್ಟು ಪಾಳಿ ನೀರು ಕೊಡುತ್ತಾರೆಂದು ಕೇಳಿದರು. ಇದು ನೀರು ಕೊಡುವದಕ್ಕಲ್ಲ, ಬಹುಮಟ್ಟಿಗೆ ಹೊರಗೆ ಒಯ್ಯುವದಕ್ಕೆ ಎಂದು ತಿಳಿಸಿದೆವು. 1980 ರಲ್ಲಿ ಕರದ ವಿರುದ್ಧ ಮೆರವಣಿಗೆಯಲ್ಲಿ ನಡೆದವರು ಅವರು. ಜನರು ಸುಮ್ಮನೆ ಕೊಡುತ್ತಾರೆಯೇ ಎಂದು ಬೆರಗಾದರು. ಹದಿಮೂರನೆಯ ಶತಕದಿಂದಲೂ ಅಲ್ಲಿ ನೀರಿನ ಮಂಡಳಿಗಳಿವೆ. ಜನರೇ ಸದಸ್ಯರನ್ನು ಆರಿಸುತ್ತಾರೆ. 1953 ರ ಫೆಬ್ರುವರಿ 1 ರ ನಸುಕಿನಲ್ಲಿ ನೈಋತ್ಯದಲ್ಲಿ ಕಡಲು ಒಡ್ಡುಗಳನ್ನು ಒಡೆದು 1,836 ಜನರನ್ನು ನುಂಗಿದ್ದನ್ನು ಅವರಾರೂ ಮರೆತಿಲ್ಲ. ಇದನ್ನೆಲ್ಲ ಕೇಳಿ ತಂದೆಯವರು ಬಹಳ ಹೊತ್ತಿನ ಮೇಲೆ ಹೀಗೆಂದರು: ಹಾಗಾದರೆ ಇವರ ಭೂಮಿ ಗಳಿಸಿ ಇಟ್ಟದ್ದಲ್ಲ, ದಿನಾ ಗಳಿಸುವದು.

ಅವರು ತಿರುಗಿ ಹೋದ ಕೆಲದಿನಗಳಲ್ಲಿಯೇ, ಅಗಸ್ಟದಲ್ಲಿ, ಬೆಣ್ಣೆಹಳ್ಳ ಉಕ್ಕಿ ಬಂತು. ಕೊಯ್ಲಿಗೆ ಬಂದ ಹೆಸರು ನೀರಿನಲ್ಲಿ ಕೊಳೆಯಿತು, ಒಡ್ಡು ಕೊಚ್ಚಿಹೋಯಿತು. ಅದೇ ಹೊತ್ತಿಗೆ ಹೊಲವನ್ನು ಕೊಳ್ಳುವವರೂ ಬಂದರು. ರಟ್ಟೆ ಸೋತಿವೆ, ನೀವು ಬರುವ ನಂಬಿಗೆಯಿಲ್ಲ, ಮಾರಲೇ ಎಂದು ತಂದೆಯವರು ಕೇಳಿದರು. ನಾವು ಕಾಯಿದೆ ತಿಳಿದವರನ್ನು ವಿಚಾರಿಸಿದೆವು. ಪರದೇಶದಲ್ಲಿ ನೆಲೆಸಿದ ಭಾರತೀಯರು ಹಿರಿಯರಿಂದ ಬಂದ ಹೊಲವನ್ನು ಇಟ್ಟುಕೊಳ್ಳಬಹುದು, ದೇಶದಲ್ಲಿರುವವರಿಗೆ ಮಾರಲೂಬಹುದು. ಆದರೆ ಸಾಗುವಳಿಯ ಭೂಮಿಯನ್ನು ಹೊಸದಾಗಿ ಕೊಳ್ಳುವದಕ್ಕೆ ವಿದೇಶೀ ವಿನಿಮಯದ ನಿಯಮಗಳಲ್ಲಿ ಸಾಮಾನ್ಯವಾಗಿ ಆಸ್ಪದವಿಲ್ಲ. ಅಂದರೆ ಒಮ್ಮೆ ಮಾರಿದರೆ, ಅಲ್ಲಿರುವ ವರೆಗೆ ಮರಳಿ ಕೊಳ್ಳಲಾರೆವು. ಆ ಹಣದಿಂದ ಆಲ್ಮೇರೆಯ ಮನೆಯ ಸಾಲ ಬಹುಮಟ್ಟಿಗೆ ತೀರುತ್ತಿತ್ತು. ನಾವು ನಾಲ್ಕು ರಾತ್ರಿ ಲೆಕ್ಕ ಹಾಕಿದೆವು. ಲೆಕ್ಕವು ಮಾರಿರೆಂದೇ ಹೇಳಿತು.

ನಾವು ಮಾರಲಿಲ್ಲ. ಮೋಹದಿಂದ ಅಲ್ಲವೆಂದು ಹೇಳಲಾರೆವು; ಆದರೆ ಮೋಹವೊಂದರಿಂದ ಹೊಲ ಉಳಿಯುವದಿಲ್ಲ. ವರ್ಷಕ್ಕೆ ಇಷ್ಟೆಂದು ಹಣ ತೆಗೆದಿಟ್ಟು ಒಡ್ಡನ್ನು ತಿರುಗಿ ಹಾಕಿಸಿದೆವು. ತಗ್ಗಿನಲ್ಲಿ ಕೃಷಿಹೊಂಡ ತೋಡಿಸಿದೆವು. ಕಾಕಾನ ಮಗನು ತನ್ನ ಹೊಲದ ಕೂಡ ಇದನ್ನೂ ನೋಡಿಕೊಳ್ಳುತ್ತಾನೆ. ಹೊಂಡ ತುಂಬಿದ ವರ್ಷ ಕಡಲೆಗೆ ಒಂದು ನೀರು ಸಿಕ್ಕಿತು.

2024 ರಲ್ಲಿ ಎಳ್ಳಮಾಸಿಯು ಡಿಸೆಂಬರ 30 ಕ್ಕೆ, ಮಕ್ಕಳ ಸೂಟಿಯಲ್ಲಿಯೇ ಬಂತು. ಎಲ್ಲರೂ ಊರಿಗೆ ಹೋಗಿ, ಸಜ್ಜಿರೊಟ್ಟಿ ಕಡುಬುಗಳ ಬುಟ್ಟಿ ಹೊತ್ತು, ಹೊಲದಲ್ಲಿ ಚರಗ ಚೆಲ್ಲಿದೆವು. ಹನ್ನೆರಡು ವರ್ಷದ ಮಗಳು ಅಜ್ಜನ ಎಲೆಗೆ ತಾನೇ ಬಡಿಸಿ, ಇನ್ನೊಂದು ಕಡುಬು ಹಾಕಲೇ ಎಂದು ಅವನ ಮಾತಿನಲ್ಲಿಯೇ ಕೇಳಿದಳು. ಬೇಡವೆನ್ನದೆ ಅವರು ಹಾಕಿಸಿಕೊಂಡರು.

ಅಣ್ಣಿಗೇರಿ ಪಂಪನ ಊರೆಂದು ನಾವು ಹೆಮ್ಮೆಪಡುತ್ತೇವೆ. ಆ ಮಹಾಕವಿಯು ಬಾಳಿದ್ದೂ ಹತ್ತನೆಯ ಶತಕದಲ್ಲಿ ದೂರದ ವೇಮುಲವಾಡದ ಅರಸನ ಆಶ್ರಯದಲ್ಲಿ. ಅಲ್ಲಿ ಕುಳಿತೇ ಬನವಾಸಿಯನ್ನು ನೆನೆದನು. ಊರು ಬಿಟ್ಟವರಲ್ಲಿ ನಾವು ಮೊದಲಿಗರಲ್ಲ. ತಿರುಗಿ ಯಾವಾಗ ಬರುತ್ತೀರೆಂದು ಕೇಳುವ ಹಿರಿಯರಿಗೆ ಈಗ ಇಷ್ಟು ಹೇಳಬಲ್ಲೆವು: ನೆಲೆಸಲು ಯಾವಾಗ ಬರುವೆವೋ ನಾವು ಅರಿಯೆವು, ಆದರೆ ಬರುವ ದಾರಿಯ ಮೇಲೆ ಹುಲ್ಲು ಬೆಳೆಯಗೊಡದಂತೆ ವರ್ಷವರ್ಷವೂ ನಡೆದಾಡುತ್ತಿದ್ದೇವೆ.