ಚೌಕಟ್ಟಿನ ಅಂಚಿನಲ್ಲಿ

ತೀರ್ಥಹಳ್ಳಿ ತಾಲ್ಲೂಕಿನ ಕೋಣಂದೂರಿನಲ್ಲಿ ನಿವೃತ್ತ ಮೇಷ್ಟರೊಬ್ಬರಿದ್ದಾರೆ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗದ ಚಿಂತೆ, ಬೇಸಿಗೆಯಲ್ಲಿ ತೋಟದ ನೀರಿನ ಚಿಂತೆ, ವರ್ಷಕ್ಕೊಮ್ಮೆ ಬೆಂಗಳೂರಿನ ಮಗನ ಮನೆಯಲ್ಲಿ ಹದಿನೈದು ದಿನದ ವಾಸ. ಇದಿಷ್ಟೇ ಅವರ ಲೋಕ. ಕಳೆದ ಬಾರಿ ಅವರು ಹೋದಾಗ ಮೊಮ್ಮಗನಿಗೆ ಗಿಟಾರಿನ ಹುಚ್ಚು ಹಿಡಿದಿತ್ತು. ಅಜ್ಜನನ್ನು ಕೂರಿಸಿಕೊಂಡು ಅವನು ಒಂದು ಚಿತ್ರವನ್ನು ತೋರಿಸಿದ. ೧೯೬೭ರ ಜೂನಿನಲ್ಲಿ ಅಮೆರಿಕದ ಮಾಂಟೆರೆಯಲ್ಲಿ ನಡೆದ ಸಂಗೀತೋತ್ಸವವನ್ನು ಪೆನ್ನೆಬೇಕರ್ ಎಂಬವನು ಚಿತ್ರೀಕರಿಸಿದ್ದ. ಐವತ್ತು ವರ್ಷ ತುಂಬಿದಾಗ, ೨೦೧೭ರಲ್ಲಿ, ಅದಕ್ಕೆ ಜೀರ್ಣೋದ್ಧಾರವಾಯಿತು. ಜಿಮಿ ಹೆಂಡ್ರಿಕ್ಸ್ ತನ್ನ ಗಿಟಾರಿಗೆ ಬೆಂಕಿಯಿಟ್ಟು ಅದರೆದುರು ಮಂಡಿಯೂರಿದ್ದನ್ನು ಕಂಡು ಮೇಷ್ಟರು, “ವಾದ್ಯವನ್ನು ಸುಡುವುದುಂಟೆ!” ಎಂದು ನೊಂದುಕೊಂಡರು. ಚಿತ್ರದ ಕೊನೆಯಲ್ಲಿ ರವಿಶಂಕರರ ಸಿತಾರ್ ಬಂದಾಗ ಸಮಾಧಾನಪಟ್ಟರು. ಆದರೆ ಅವರನ್ನು ಬೆರಗುಗೊಳಿಸಿದ್ದು ಬೇರೆ. “ನಿನ್ನೆ ತೆಗೆದ ಹಾಗಿದೆಯಲ್ಲ!”

“ನಿಮ್ಮ ತಾಲ್ಲೂಕಿನ ಚಿತ್ರವನ್ನೂ ಹೀಗೆಯೇ ತೊಳೆದಿದ್ದಾರೆ, ಅಜ್ಜ” ಎಂದ ಹುಡುಗ.

ಅದು ‘ಘಟಶ್ರಾದ್ಧ.’ ಇದೇ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಅನಂತಮೂರ್ತಿಯವರ ಕಥೆ. ಇದೇ ತಾಲ್ಲೂಕಿನ ಕೆಸಲೂರಿನ ಗಿರೀಶ ಕಾಸರವಳ್ಳಿಯವರು ೧೯೭೭ರಲ್ಲಿ ಮಾಡಿದ ಮೊದಲ ಚಿತ್ರ. ಸ್ವರ್ಣಕಮಲ ಪಡೆದದ್ದು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿದ್ದ ಮೂಲ ನೆಗೆಟಿವ್‌ನಿಂದ, ಫಿಲ್ಮ್ ಹೆರಿಟೇಜ್ ಫೌಂಡೇಷನ್ ಹಾಗೂ ಮಾರ್ಟಿನ್ ಸ್ಕಾರ್ಸೆಸಿಯವರ ವಿಶ್ವ ಸಿನಿಮಾ ಯೋಜನೆಯ ಆಸರೆಯಲ್ಲಿ ಜೀರ್ಣೋದ್ಧಾರಗೊಂಡು, ೨೦೨೪ರಲ್ಲಿ ವೆನಿಸ್ಸಿನ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು.

ಮೇಷ್ಟರು ಅದನ್ನು ಹಿಂದೊಮ್ಮೆ ಶಿವಮೊಗ್ಗೆಯಲ್ಲಿ ನೋಡಿದ್ದರು. ಸವೆದ ಪ್ರತಿ, ಪರದೆಯ ತುಂಬ ಮಳೆ ಹೊಯ್ದಂತೆ ಗೀರುಗಳು. ಆ ರಾತ್ರಿ ಮನೆಗೆ ಮರಳಿದಾಗ ತಾಯಿ, “ಹೇಗಿತ್ತೋ?” ಎಂದು ಕೇಳಿದ್ದರು. ಅಡಿಗೆಮನೆಯ ಬಾಗಿಲ ಮರೆಯಲ್ಲಿ ಸೋದರತ್ತೆ ನಿಂತಿದ್ದರು. ಕೆಂಪು ಸೀರೆ, ಬೋಳುತಲೆ. ಹದಿನೇಳರಲ್ಲಿ ವಿಧವೆಯಾಗಿ ತವರಿಗೆ ಬಂದು, ಒಲೆಯ ಮುಂದೆಯೇ ಐವತ್ತು ವರ್ಷ ಕಳೆದ ಜೀವ. “ಕತ್ತಲೆ. ಏನೂ ಕಾಣಿಸಲಿಲ್ಲ” ಎಂದು ಹೇಳಿ ಮೇಷ್ಟರು ಕೈಕಾಲು ತೊಳೆಯಲು ಹೋದರು.

ಈ ಬಾರಿ ಹಾಗೆನ್ನುವಂತಿರಲಿಲ್ಲ. ಎಸ್. ರಾಮಚಂದ್ರರ ಕಪ್ಪುಬಿಳುಪಿನ ಛಾಯಾಗ್ರಹಣದಲ್ಲಿ ಅಗ್ರಹಾರದ ಕಂಬ, ಕಟ್ಟೆ, ಮುಖಗಳೆಲ್ಲ ಕಣ್ಣಿಗೆ ಕಟ್ಟುತ್ತವೆ. ಹಿಂದೆ ಬರಿಯ ಕಪ್ಪಾಗಿ ತೋರಿದ್ದು ಈಗ ಕತ್ತಲೆಯಾಗಿ ಕಾಣುತ್ತದೆ, ಎರಡಕ್ಕೂ ಅಂತರವುಂಟು. ಬಿ. ವಿ. ಕಾರಂತರ ಸಂಗೀತಕ್ಕೂ ಆ ವರ್ಷ ರಾಷ್ಟ್ರಪ್ರಶಸ್ತಿ ಬಂದಿತ್ತು. ಅವರ ದೊಡ್ಡತನ ಎಲ್ಲಿ ಸುಮ್ಮನಿರಬೇಕೆಂಬ ವಿವೇಕದಲ್ಲಿದೆ. ಹಳೆಯ ಪ್ರತಿಯ ಗರಗರ ಶಬ್ದದಲ್ಲಿ ಮೊದಲು ಸತ್ತದ್ದೇ ಆ ಮೌನ. ಈಗ ಅದು ಮರಳಿದೆ. ಯಮುನಕ್ಕನ ಒಂಟಿತನ ಕಿವಿಗೂ ಕೇಳುತ್ತದೆ.

ವೇದಪಾಠ ಕಲಿಯಲು ಬಂದ ಪುಟ್ಟ ನಾಣಿಗೆ ಅಕ್ಕರೆ ತೋರಿದವಳು ಉಡುಪರ ವಿಧವೆ ಮಗಳು ಯಮುನಕ್ಕ. ಅವಳ ಪಾಲಿಗೆ ಇಡೀ ಊರಿನಲ್ಲಿ ಉಳಿದವನು ಆ ಹುಡುಗನೊಬ್ಬನೇ. ಮೀನಾ ಕುಟ್ಟಪ್ಪ ಹಾಗೂ ಬಾಲನಟ ಅಜಿತ್ ಕುಮಾರ್ ನಟಿಸಿದ್ದಾರೆನ್ನುವುದೇ ಮರೆತುಹೋಗುತ್ತದೆ. ಅವಳನ್ನು ಬಸಿರು ಮಾಡಿದವನು ಒಬ್ಬ ಶಾಲಾ ಮೇಷ್ಟರು. ತಂದೆ ಬದುಕಿರುವ ಮಗಳಿಗೆ ಶ್ರಾದ್ಧ ಮಾಡಿ ಮುಗಿಸುತ್ತಾನೆ. ತಲೆ ಬೋಳಿಸಿದ ಯಮುನಕ್ಕ ಮರದಡಿ ಕುಳಿತಿರುತ್ತಾಳೆ. “ಆ ಮೇಷ್ಟರಿಗೆ ಮಾತ್ರ ಘಟಶ್ರಾದ್ಧವಿಲ್ಲ” ಎಂದು ಕೋಣಂದೂರಿನ ಮೇಷ್ಟರು ತಮ್ಮಷ್ಟಕ್ಕೇ ಅಂದುಕೊಂಡರು. ಮೊಮ್ಮಗ ತಿರುಗಿ ನೋಡಿದ. ಅಜ್ಜನ ಕನ್ನಡಕ ಕೈಯಲ್ಲಿತ್ತು.

ಹೊಸ ಪ್ರತಿಯಿಂದ ಆಗುವ ಉಪಕಾರ ಇದೇ ಇರಬೇಕು. ಹಳೆಯದನ್ನು ಚೆಂದಗಾಣಿಸುವುದು ಸಣ್ಣ ಲಾಭ. ಕಾಣಿಸಲಿಲ್ಲವೆಂಬ ನೆವವನ್ನು ಕಸಿದುಕೊಳ್ಳುವುದು ದೊಡ್ಡದು.

ಊರಿಗೆ ಮರಳಿದ ಮೇಲೆ ಮೇಷ್ಟರು ನಡುಮನೆಯ ಗೋಡೆಯಿಂದ ಕುಟುಂಬದ ಹಳೆಯ ಫೋಟೋವನ್ನು ಇಳಿಸಿದರು. ಯಾರದೋ ಮದುವೆಯಲ್ಲಿ ತೆಗೆಸಿದ್ದು. ಹಿಂದಿನ ಮೊಳೆಗಳನ್ನು ಕಿತ್ತು ಚೌಕಟ್ಟು ಬಿಡಿಸಿದಾಗ, ಮರದ ಪಟ್ಟಿಯ ಕೆಳಗೆ ಅಷ್ಟು ದಿನ ಮುಚ್ಚಿದ್ದ ಎರಡು ಬೆರಳಗಲ ಜಾಗದಲ್ಲಿ ಬಾಗಿಲವಾಡ ಹಿಡಿದು ನಿಂತ ಹೆಂಗಸೊಬ್ಬಳು ಕಂಡಳು. ಕ್ಯಾಮೆರಾದತ್ತಲೇ ನೋಡುತ್ತಿದ್ದಳು; ಯಾರೂ ಅವಳನ್ನು ಕರೆದಿರಲಾರರು.

ಸ್ಟುಡಿಯೋದ ಹುಡುಗ, “ಅಂಚು ಹಾಳಾಗಿದೆ ಸಾರ್, ಕತ್ತರಿಸಿ ಸರಿಮಾಡಲೆ?” ಎಂದು ಕೇಳಿದ.

“ಕತ್ತರಿಸಬೇಡ. ಚೌಕಟ್ಟನ್ನೇ ದೊಡ್ಡದು ಮಾಡು” ಎಂದರು ಮೇಷ್ಟರು. ಹಿಂಬದಿಯಲ್ಲಿ ಎಲ್ಲರ ಹೆಸರು ಬರೆಯುತ್ತ ಬಂದವರ ಪೆನ್ನು ಅವಳ ಬಳಿ ನಿಂತಿತು. ಮನೆಯಲ್ಲಿ ಎಲ್ಲರೂ ಅವಳನ್ನು ‘ಅತ್ತೆ’ ಎಂದೇ ಕರೆಯುತ್ತಿದ್ದರು. ಹೆಸರಿಗಾಗಿ ಅವರು ಹೊಸನಗರದಲ್ಲಿದ್ದ ಎಂಬತ್ತೆಂಟರ ದೊಡ್ಡಕ್ಕನಿಗೆ ಫೋನು ಮಾಡಬೇಕಾಯಿತು.